ಶಂಕುವಿನ ತುದಿ ಶೃಂಗವೇ?

ವಿದ್ಯಾರ್ಥಿನಿ: ಘನಾಕೃತಿಯನ್ನು ಆವರಿಸುವ ಒಂದೊಂದು ಮೇಲ್ಮೈಯನ್ನು ಮುಖವೆಂದೂ, ಎರಡು ಮುಖಗಳು ಕೂಡುವ ರೇಖೆಯನ್ನು ಅಂಚೆಂದೂ, ಅಂಚುಗಳು ಸಂಧಿಸುವ ಬಿಂದುವನ್ನು ಶೃಂಗವೆಂದೂ ಕರೆಯುವುದಾದರೆ, ಘನದ 6 ಮುಖ, 12 ಅಂಚು, 8 ಶೃಂಗಗಳನ್ನು ಎಣಿಸುವುದರಲ್ಲಿ ಗೊಂದಲವಿಲ್ಲ. ಆದರೆ ಶಂಕುವಿಗೆ ಪಾದದ ವೃತ್ತವೊಂದೇ ಅಂಚು. ಅದರ ತುದಿಗೆ ಯಾವ ಅಂಚೂ ಬಂದು ಸೇರುವುದಿಲ್ಲ. ಹಾಗಿದ್ದರೆ ಆ ತುದಿಯನ್ನು ಶೃಂಗವೆನ್ನಬಹುದೇ, ಗುರುಗಳೇ?

ಅಧ್ಯಾಪಕ: ಆ ವ್ಯಾಖ್ಯೆ ಯಾವ ಆಕೃತಿಗಳಿಗಾಗಿ ರೂಪುಗೊಂಡಿತೆಂಬುದನ್ನು ಮೊದಲು ಕೇಳಬೇಕು. ಅದು ಸಮತಲ ಮುಖಗಳಿಂದಲೇ ಸುತ್ತುವರಿದ ಬಹುಮುಖ ಘನಗಳಿಗಾಗಿ ಹುಟ್ಟಿದ್ದು. ಮುಖ ಮತ್ತು ಶೃಂಗಗಳ ಮೊತ್ತದಿಂದ ಅಂಚುಗಳ ಸಂಖ್ಯೆಯನ್ನು ಕಳೆದರೆ 2 ಉಳಿಯುತ್ತದೆಂದು ಆಯ್ಲರ್ 1750ರಲ್ಲಿ ಗೋಲ್ಡ್‌ಬಾಖ್‌ಗೆ ಬರೆದದ್ದೂ ಅವುಗಳನ್ನು ಕುರಿತೇ.

ವಿದ್ಯಾರ್ಥಿನಿ: ಸಿಲಿಂಡರಿನ 3 ಮುಖ, 2 ಅಂಚುಗಳಿಂದ 1 ಉಳಿಯುತ್ತದೆ, ತುದಿಯನ್ನು ಶೃಂಗವೆಂದು ಎಣಿಸಿದರೆ ಶಂಕುವಿನಲ್ಲಿ ಮಾತ್ರ ಸರಿಯಾಗಿ 2 ಬರುತ್ತದೆ. ತುದಿ ಶೃಂಗವೆನ್ನಲು ಇದೇ ಸಾಕ್ಷಿಯಲ್ಲವೇ?

ಅಧ್ಯಾಪಕ: ಅಲ್ಲ. ಪ್ರತಿಯೊಂದು ಅಂಚಿನ ಕೊನೆಯಲ್ಲೂ ಶೃಂಗವಿರಬೇಕು, ಪ್ರತಿಯೊಂದು ಮುಖವೂ ನಡುವೆ ರಂಧ್ರವಿಲ್ಲದ ತಟ್ಟೆಯಂತೆ ಹರಡಿಕೊಳ್ಳುವಂತಿರಬೇಕು ಎಂಬ ಎರಡು ಷರತ್ತುಗಳು ಆ ಸೂತ್ರದೊಳಗೆ ಅಡಗಿವೆ. ಶಂಕು ಎರಡನ್ನೂ ಮುರಿಯುತ್ತದೆ: ಅದರ ಅಂಚಿಗೆ ಕೊನೆಯೇ ಇಲ್ಲ, ತುದಿಯನ್ನು ಬೇರ್ಪಡಿಸಿದರೆ ಅದರ ವಕ್ರಮುಖ ಬರೀ ಉಂಗುರ. ಒಂದು ದೋಷ ಇನ್ನೊಂದನ್ನು ಅಳಿಸಿದ್ದರಿಂದಲೇ ಲೆಕ್ಕ ಸರಿಹೊಂದಿದಂತೆ ಕಂಡಿತು.

ವಿದ್ಯಾರ್ಥಿನಿ: ಎಣಿಕೆ ಸಾಕ್ಷಿಯಾಗದಿದ್ದರೆ, ತುದಿಯ ಶೃಂಗತ್ವ ಕೇವಲ ನಾಮಕರಣದ ಮಾತಾಗಿ ಉಳಿಯುವುದಿಲ್ಲವೇ?

ಅಧ್ಯಾಪಕ: ಉಳಿಯುವುದಿಲ್ಲ, ಏಕೆಂದರೆ ಅದನ್ನು ಅಳೆಯಬಹುದು. ಓರೆ ಎತ್ತರವು ಪಾದದ ತ್ರಿಜ್ಯದ ಎರಡರಷ್ಟಿರುವ ಶಂಕುವಿನ ವಕ್ರಮುಖವನ್ನು ಸೀಳಿ ಹಾಸಿದರೆ ಸರಿಯಾಗಿ ಅರ್ಧವೃತ್ತ ದೊರೆಯುತ್ತದೆ. ಅಂದರೆ ತುದಿಯ ಸುತ್ತ ಇರುವ ಕೋನ 360 ಡಿಗ್ರಿಯಲ್ಲ, 180 ಮಾತ್ರ. ಘನದ ಮೂಲೆಯಲ್ಲೂ ಮೂರು ಲಂಬಕೋನಗಳು ಕೂಡಿ 270 ಆಗುವುದರಿಂದ 90ರ ಕೊರತೆ ಇದೆ. ಪೀನ ಬಹುಮುಖ ಘನಗಳಲ್ಲಿ ಇಂಥ ಕೊರತೆಗಳ ಮೊತ್ತ ಯಾವಾಗಲೂ 720 ಡಿಗ್ರಿ ಎಂಬುದನ್ನು ಡೆಕಾರ್ಟ್ 17ನೇ ಶತಮಾನದಲ್ಲೇ ಕಂಡಿದ್ದನು. ಪೀನವಾದ ವಕ್ರ ಘನಗಳಲ್ಲಿಯೂ ಮೊತ್ತ ಅಷ್ಟೇ, ಆದರೆ ಅದು ಬಿಂದುಗಳಲ್ಲಿ ಮಾತ್ರವಲ್ಲದೆ ಅಂಚುಗಳಲ್ಲೂ ಮುಖಗಳಲ್ಲೂ ಹಂಚಿಹೋಗುತ್ತದೆ. ಅಂಚಿನ ಪಾಲೆಂದರೆ, ಅಂಚಿನಗುಂಟ ಒಂದು ಸುತ್ತು ಬರುವಾಗ ಇಕ್ಕೆಲದ ಮುಖಗಳಲ್ಲಿ ಅಳೆದ ತಿರುವುಗಳ ಮೊತ್ತ. ಸಿಲಿಂಡರಿನ ಒಂದೊಂದು ವೃತ್ತವೂ ಸಮತಲದ ಬದಿಯಲ್ಲಿ 360 ತಿರುಗುತ್ತದೆ, ವಕ್ರಮುಖವನ್ನು ಬಿಚ್ಚಿದರೆ ನೇರರೇಖೆಯಾಗಿ ಏನೂ ತಿರುಗುವುದಿಲ್ಲ; ಹೀಗಾಗಿ ಎರಡು ಅಂಚುಗಳಲ್ಲೇ 720 ಮುಗಿಯುತ್ತದೆ. ಈ ಶಂಕುವಿನಲ್ಲಿ ತುದಿಗೆ 180, ಪಾದದ ಅಂಚಿಗೆ 360 ಮತ್ತು 180 ಸೇರಿ 540. ಅಂಚೂ ಶೃಂಗವೂ ಇಲ್ಲದ ಗೋಳದಲ್ಲಿ ಮಾತ್ರ ಇಡೀ 720 ಮುಖದ ಮೇಲೆಯೇ ಸಮನಾಗಿ ಹರಡಿರುತ್ತದೆ, ಆದ್ದರಿಂದಲೇ ಗೋಳವನ್ನು ಎಲ್ಲಿ ಸೀಳಿದರೂ ಸಮತಲವಾಗಿ ಹಾಸಲಾಗದು.

ವಿದ್ಯಾರ್ಥಿನಿ: ಹಾಗಿದ್ದರೆ ಅರ್ಧಗೋಳದ ವಕ್ರಮುಖಕ್ಕೆ ಗೋಳದ ಅರ್ಧಪಾಲು 360 ಸಲ್ಲಬೇಕು. ಉಳಿದ 360 ಅಂಚಿನದು: ಸಮತಲದ ಬದಿಯಲ್ಲಿ ಪೂರ್ಣ ತಿರುವು, ಗೋಳದ ಬದಿಯಲ್ಲಿ ಆ ವೃತ್ತವೇ ಅತ್ಯಂತ ನೇರವಾದ ದಾರಿಯಾದ್ದರಿಂದ ತಿರುವು ಸೊನ್ನೆ. ಶೃಂಗಕ್ಕೆಂದು ಏನೂ ಮಿಗುವುದಿಲ್ಲ.