ಸೌರಾಷ್ಟ್ರದ ಅಂಕಿತ, ಕನ್ನಡದ ವಚನ

ಇಟಗಿ ಎಂಬ ಹೆಸರಿನ ಊರು ನಮ್ಮ ಭಾಗದಲ್ಲಿ ಎರಡುಂಟು. ಒಂದು, ಭೀಮಾಂಬಿಕೆಯ ಸನ್ನಿಧಿಯಿಂದ ಭಕ್ತಜನರಿಗೆಲ್ಲ ಪರಿಚಿತವಾದ ನಮ್ಮ ರೋಣ ಸೀಮೆಯ ಇಟಗಿ. ಇನ್ನೊಂದು, 1112ರಲ್ಲಿ ಮಹಾದೇವ ದಂಡನಾಯಕನು ಕಟ್ಟಿಸಿದ ದೇವಾಲಯದಿಂದ ಹೆಸರಾಗಿ ಈಗ ಕೊಪ್ಪಳ ಜಿಲ್ಲೆಗೆ ಸೇರಿರುವ ಇಟಗಿ. ಹಿಂದೆ ಮೊದಲನೆಯದು ಮುಂಬಯಿ ಪ್ರಾಂತದಲ್ಲಿತ್ತು, ಎರಡನೆಯದು ನಿಜಾಮನ ಸಂಸ್ಥಾನದಲ್ಲಿ. ಎರಡೂ ಕಡೆ ಅದೇ ಜೋಳದ ರೊಟ್ಟಿ, ಅದೇ ಕನ್ನಡ, ಅದೇ ಇಷ್ಟಲಿಂಗ. ಅರಸರು ಮಾತ್ರ ಬೇರೆ. 1956ರ ನವೆಂಬರ್ 1ರಂದು ಇವೆರಡೂ ಒಂದೇ ರಾಜ್ಯದೊಳಗಾದವು. ಅದೇ ದಿನ ಕಾಸರಗೋಡು ಕೇರಳಕ್ಕೆ ಸೇರಿ, ಮನೆಯ ಹೊಸ್ತಿಲನ್ನೂ ದಾಟದ ಕನ್ನಡಿಗರು ಹೊರನಾಡಿನವರಾದರು. ಮನುಷ್ಯನು ಗಡಿಯನ್ನು ದಾಟುವುದುಂಟು. ಗಡಿಯೇ ಮನುಷ್ಯನನ್ನು ದಾಟಿ ಹೋಗುವುದೂ ಉಂಟು. ಆದುದರಿಂದ ‘ಇವನು ನಮ್ಮ ನಾಡಿನವನೇ?’ ಎಂಬ ಪ್ರಶ್ನೆಗೆ ಭೂಪಟವೊಂದರಿಂದಲೇ ಉತ್ತರ ದೊರೆಯಲಾರದು.

ಈ ಪ್ರಶ್ನೆ ನಮಗೆ ಪುಸ್ತಕದ್ದಲ್ಲ. ಮಳೆ ಕೈಕೊಟ್ಟ ವರ್ಷ ನಮ್ಮ ಎರೆಹೊಲಗಳ ಜನ ಗಂಟುಮೂಟೆ ಕಟ್ಟಿ ಮಂಗಳೂರಿಗೆ, ಬೆಂಗಳೂರಿಗೆ, ಗೋವೆಗೆ ಗುಳೆ ಹೋಗುತ್ತಾರೆ. ಗೋವೆಯಲ್ಲಿ ಅವರಿಗೆ ‘ಘಾಂಟಿ’ ಎಂಬ ಹೆಸರು. ಘಟ್ಟದ ಮೇಲಿನವರೆಂಬುದಷ್ಟೇ ಅದರ ಮೂಲಾರ್ಥವಾದರೂ ಆಡುವಾಗ ಅದರೊಳಗೆ ತಾತ್ಸಾರ ಬೆರೆತಿರುತ್ತದೆ. ವಾಸ್ಕೋದ ಬೈನಾ ಕಡಲತೀರದ ಗುಡಿಸಲುಗಳನ್ನು 2004ರಲ್ಲಿ ಕೆಡವಿದಾಗ ನೆಲೆ ತಪ್ಪಿದವರಲ್ಲಿ ಕನ್ನಡಿಗರು ಬಹುಮಂದಿ. ಭಾರತದೊಳಗೆ ಎಲ್ಲಿಯಾದರೂ ಸಂಚರಿಸುವ, ನೆಲೆಸುವ ಹಕ್ಕನ್ನು ಸಂವಿಧಾನದ 19ನೆಯ ವಿಧಿ ಪ್ರಜೆಗೆ ಕೊಟ್ಟಿದೆ, ನಿಜ. ಆದರೆ ನೆರೆಮನೆಯವನು ಬಾಗಿಲು ತೆರೆಯಬೇಕೆಂದು ಯಾವ ವಿಧಿಯೂ ಹೇಳಲಾರದು.

ಇಟಗಿಯ ಜಾತ್ರೆಗೆಂದು ವಾಸ್ಕೋದಿಂದ ಬಂದಿದ್ದ ತರುಣನೊಬ್ಬನನ್ನು, ಕೊಂಕಣಿ ಬರುತ್ತದೆಯೇ ಎಂದು ಒಮ್ಮೆ ಕೇಳಿದೆನು. “ಬೈಯೂದು ಪೂರಾ ತಿಳಿತದ್ರಿ, ಮಾತಾಡಾಕ ಅಷ್ಟು ಬರೂದಿಲ್ಲ” ಎಂದನು. ಸುತ್ತಲಿದ್ದವರು ನಕ್ಕರು, ನಾನೂ ನಕ್ಕೆನು. ಆದರೆ ಆ ಮಾತು ಇಂದಿಗೂ ನನ್ನನ್ನು ಬಿಟ್ಟಿಲ್ಲ. ಅವನು ಹತ್ತು ವರ್ಷ ಆ ನೆಲದಲ್ಲಿ ದುಡಿದಿದ್ದನು. ಆ ಭಾಷೆಯಲ್ಲಿ ಅವನೊಡನೆ ಜನ ಏನನ್ನು ಆಡಿದ್ದರೋ ಅದನ್ನೇ ಅವನು ಕಲಿತಿದ್ದನು.

ಗೋವೆಯವರನ್ನು ದೂಷಿಸಿ ಇಲ್ಲಿಗೆ ಮುಗಿಸುವುದು ಸುಲಭ. ಆದರೆ ಅವರಿಗೂ ತಮ್ಮ ಭಾಷೆಯ ಚಿಂತೆ ಇದೆ. 1987ರಲ್ಲಿ ಅವರು ಕೊಂಕಣಿಯನ್ನು ಆಡಳಿತ ಭಾಷೆಯಾಗಿ ಪಡೆದದ್ದು ಹೋರಾಟದಿಂದಲೇ. ಅದಕ್ಕೆ ಐದು ವರ್ಷ ಮೊದಲು, ಗೋಕಾಕ್ ಚಳವಳಿಯಲ್ಲಿ ನಾವು ಕನ್ನಡಕ್ಕಾಗಿ ಬೀದಿಗಿಳಿದಿದ್ದೆವು. ನಮ್ಮ ಆತಂಕ ಧರ್ಮವೆಂದೂ ಅವರ ಆತಂಕ ಸಂಕುಚಿತವೆಂದೂ ಹೇಳುವುದಾದರೆ ತಕ್ಕಡಿಯ ಮುಳ್ಳನ್ನು ನಾವೇ ಹಿಡಿದು ಬಾಗಿಸಿದಂತೆ.

ಶರಣರ ಕಾಲದಲ್ಲಿ ಇದು ಹೇಗೆ ನಡೆಯಿತು? ಕಾಶ್ಮೀರದ ಅರಸನೊಬ್ಬನು ರಾಜ್ಯವನ್ನು ತೊರೆದು ಮಡದಿಯೊಡನೆ ಕಲ್ಯಾಣಕ್ಕೆ ಬಂದು, ಕಟ್ಟಿಗೆಯ ಹೊರೆ ಮಾರುತ್ತ ಮೋಳಿಗೆಯ ಮಾರಯ್ಯನಾದನೆಂದು ಪರಂಪರೆ ಹೇಳುತ್ತದೆ. ಮಾರಯ್ಯನವರ ವಚನಗಳಿರುವುದು ಕನ್ನಡದಲ್ಲಿ. ಕಲಿಯದಿದ್ದರೆ ಕಲ್ಯಾಣದಿಂದ ಹೊರಡೆಂದು ಅವರಿಗೆ ಯಾರೂ ಗದರಿಸಿದಂತೆ ಕಾಣದು. ಯಾವುದನ್ನು ಕೇಳಲೆಂದು ಅವರು ಅಷ್ಟು ದೂರ ನಡೆದು ಬಂದಿದ್ದರೋ ಅದು ಈ ಭಾಷೆಯಲ್ಲಿತ್ತು. ಈ ಭಾಷೆಯಲ್ಲಿ ಅವರನ್ನು ಅಯ್ಯ ಎಂದು ಕರೆದು ಕುಳ್ಳಿರಿಸಿಕೊಳ್ಳುವವರಿದ್ದರು.

ಇನ್ನೊಬ್ಬರು ನಮಗೆ ಇನ್ನೂ ಹತ್ತಿರದವರು. ಇಂದು ನಮ್ಮ ಗದಗ ಜಿಲ್ಲೆಯಲ್ಲೇ ಇರುವ ಲಕ್ಷ್ಮೇಶ್ವರ, ಅಂದಿನ ಪುಲಿಗೆರೆ. ಅಲ್ಲಿಗೆ ವ್ಯಾಪಾರಕ್ಕೆಂದು ಸೌರಾಷ್ಟ್ರದಿಂದ ಬಂದ ಆದಯ್ಯನವರ ಕಥೆಯನ್ನು ಹರಿಹರನು ರಗಳೆಯಾಗಿ ಬರೆದಿದ್ದಾನೆ. ಆದಯ್ಯನವರು ವಚನವನ್ನು ಕನ್ನಡದಲ್ಲಿ ರಚಿಸಿದರು. ಅಂಕಿತವನ್ನು ಮಾತ್ರ ‘ಸೌರಾಷ್ಟ್ರ ಸೋಮೇಶ್ವರ’ ಎಂದೇ ಇಟ್ಟುಕೊಂಡರು. ಒಂದೊಂದು ವಚನದಲ್ಲಿಯೂ ತವರಿನ ಹೆಸರು! ಪುಲಿಗೆರೆಯ ನೀರು ಕುಡಿದು ಸೌರಾಷ್ಟ್ರವನ್ನು ನೆನೆಯುವುದೇಕೆಂದು ಯಾರೂ ಆ ಹೆಸರನ್ನು ಅಳಿಸಲಿಲ್ಲ. ಬಂದವನು ಕನ್ನಡ ಕಲಿಯುವುದು ಅವನ ಧರ್ಮ. ಅವನ ಅಂಕಿತವನ್ನು ಅವನಿಗೇ ಬಿಡುವುದು ನಮ್ಮ ಧರ್ಮ. ನಮ್ಮ ಗಜೇಂದ್ರಗಡ ಸೀಮೆಯ ತಾಂಡಾಗಳಲ್ಲಿ ಇದು ಇಂದಿಗೂ ನಡೆದೇ ಇದೆ. ಎತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ನಾಡೆಲ್ಲ ತಿರುಗಿದವರ ಮಕ್ಕಳಾದ ಲಂಬಾಣಿ ಬಂಧುಗಳು ಒಲೆಯ ಮುಂದೆ ತಮ್ಮ ಗೋರ್‌ಬೋಲಿಯನ್ನೂ ಸಂತೆಯಲ್ಲಿ ಕನ್ನಡವನ್ನೂ ಆಡುತ್ತಾರೆ. ಇದರಿಂದ ಕನ್ನಡಕ್ಕೆ ಯಾವ ಕುಂದೂ ಬಂದಿಲ್ಲ.

ಬೆಂಗಳೂರಿನ ಸ್ಥಿತಿ ಬೇರೆ ಎಂದು ಕೆಲವರು ಹೇಳಬಹುದು. ಅಲ್ಲಿಯ ಕನ್ನಡಿಗನ ಕಳವಳ ಸುಳ್ಳೇನಲ್ಲ. ಆದರೆ ದಶಕಗಟ್ಟಲೆ ಇದ್ದೂ ಕನ್ನಡದ ಒಂದು ಮಾತನ್ನೂ ಕಲಿಯದವನು ಹೆಚ್ಚಾಗಿ ದೊಡ್ಡ ಸಂಬಳದವನು. ಅವನಿಗೆ ಕಲಿಯುವ ಅಗತ್ಯವೇ ಬೀಳದು, ಅವನೆದುರು ನಾವೇ ನಮ್ಮ ಭಾಷೆಯನ್ನು ಮಡಿಚಿಟ್ಟು ಮಾತಾಡುತ್ತೇವೆ. ಇಟ್ಟಿಗೆ ಹೊರುವ ಬಿಹಾರದ, ಒಡಿಶಾದ ಹುಡುಗನು ಕೆಲವೇ ತಿಂಗಳಲ್ಲಿ ನಾಲ್ಕು ಮಾತು ಕಲಿತಿರುತ್ತಾನೆ. ಗದರಿಕೆ ಬೀಳುವುದು ಮಾತ್ರ ಇವನ ಮೇಲೆ. 2015ರಲ್ಲಿ ಲಂಡನ್ನಿನ ಥೇಮ್ಸ್ ನದಿಯ ದಡದಲ್ಲಿ ಬಸವಣ್ಣನವರ ಪ್ರತಿಮೆ ನಿಂತಾಗ ಪರದೇಶವು ನಮ್ಮವರನ್ನು ಗೌರವಿಸಿತೆಂದು ಹಿಗ್ಗಿದೆವು. ಹಿಗ್ಗಬೇಕಾದದ್ದೇ. ಆದರೆ ಅದೇ ಬಾಯಿಯಿಂದ ಬಸ್ ನಿಲ್ದಾಣದಲ್ಲಿ ಮಲಗಿದ ಕೂಲಿಯವನನ್ನು ‘ಹೊರಗಿನವ’ ಎಂದು ಎಬ್ಬಿಸುವವರನ್ನೂ ಕಂಡಿದ್ದೇನೆ.

ನಮ್ಮ ಮಠದ ಕಟ್ಟಡದ ಕೆಲಸಕ್ಕೆ ಒಡಿಶಾದ ಗಾರೆಯವರು ಕೆಲವರು ಬಂದಿದ್ದರು. ಮಧ್ಯಾಹ್ನ ದಾಸೋಹದ ಪಂಕ್ತಿಯಲ್ಲಿ ಎಲ್ಲರೊಡನೆ ಕೂಡುತ್ತಿದ್ದರು. ಬಡಿಸುವ ಅಜ್ಜ ಇನ್ನೊಬ್ಬರಿಗೆ ಹೇಳುವಂತೆಯೇ ಅವರಿಗೂ “ಇನ್ನೊಂದು ರೊಟ್ಟಿ ತಗೋರಿ” ಎನ್ನುತ್ತಿದ್ದರು. ಅವರಲ್ಲಿ ಎಲ್ಲರಿಗಿಂತ ಕಿರಿಯವನು ನಾಲ್ಕನೆಯ ದಿನ ಎಲೆಯ ಮೇಲೆ ಕೈ ಅಡ್ಡ ಹಿಡಿದು, ಮೆಲ್ಲಗೆ, “ಸಾಕ್ರಿ ಅಜ್ಜಾರ” ಎಂದನು.