ಎಷ್ಟು ದನಿ ಸಾಕು?

ಹೋದ ದೀಪಾವಳಿಗೆ ನಮ್ಮ ಮನೆಯಲ್ಲಿ ಒಂದು ಸಣ್ಣ ಜಗಳವಾಯಿತು. ಜಗಳ ಅಂದರೆ ಪಾತ್ರೆ ಹಾರುವಂಥದ್ದಲ್ಲ. ಕಂಪನಿಯವರು ಕೊಟ್ಟ ಬೋನಸ್ಸಿನ ಹುರುಪಿನಲ್ಲಿ ಮಗ, "ಅಪ್ಪಾ, ಈ ಹಳೇ ಹೋಮ್ ಥಿಯೇಟರ್ ತಗದು ಹೊಸಾದು ತರೂಣು" ಅಂದ. ಅವನ ತಾಯಿ, "ಇದ್ದದ್ದ ಛಲೋ ಅದ, ಸುಮ್ನ ಯಾಕ ರೊಕ್ಕ ಹಾಳು ಮಾಡೂದು" ಅಂದಳು. ಆಮೇಲೆ ಇಬ್ಬರೂ ತೀರ್ಪಿಗಾಗಿ ನನ್ನ ಮುಖ ನೋಡಿದರು. ನಾನು "ವಿಚಾರ ಮಾಡೂಣು" ಅಂದೆ. ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಸಾಲದ ಅರ್ಜಿ ನೋಡಿದವನಿಗೆ ಈ ಮಾತು ಬಾಯಿಗೆ ತಾನಾಗಿಯೇ ಬರುತ್ತದೆ. ಆದರೆ ಈ ಸಲ ಮಾತ್ರ ನಾನು ನಿಜಕ್ಕೂ ವಿಚಾರ ಮಾಡಿದೆ. ಒಂದು ಸ್ಪೀಕರಿನ ಪ್ರಶ್ನೆ ಸಂಕ್ರಾಂತಿಯವರೆಗೂ ನನ್ನನ್ನು ಬಿಡಲಿಲ್ಲ.

ಪುಣೆಯ ಕೋಥರೂಡಿನಲ್ಲಿ ಎರಡನೇ ಮಹಡಿಯ ಮನೆ ನಮ್ಮದು. ನಾನು ಗದಗಿನಿಂದ ಇಲ್ಲಿಗೆ ಬಂದದ್ದು 1986ರಲ್ಲಿ. ಈಗಿರುವ ಸೆಟ್ಟನ್ನು 2007ರಲ್ಲಿ, ಅರಿಯರ್ಸ್ ಬಂದಾಗ ತಂದೆ. ಎದುರಿಗೆ ಮೂರು ಸ್ಪೀಕರು, ಬೆನ್ನ ಹಿಂದೆ ಎರಡು, ಮೂಲೆಯಲ್ಲಿ ಗುಡುಗುವುದಕ್ಕೊಂದು ಪೆಟ್ಟಿಗೆ. ಇದಕ್ಕೇ 5.1 ಅನ್ನುತ್ತಾರೆ. ಹದಿನೆಂಟು ವರ್ಷಗಳಲ್ಲಿ ಅದು ಟಿವಿಗಳ ಎರಡು ತಲೆಮಾರು ನೋಡಿದೆ. ಈಚೆಗೆ ಬಲಗಡೆಯ ಸ್ಪೀಕರು ನಡುನಡುವೆ ಮಾತು ನಿಲ್ಲಿಸುತ್ತದೆ. ಹಿಂದೆ ರೇಡಿಯೋಕ್ಕೆ ಬಡಿಯುತ್ತಿದ್ದೆವಲ್ಲ, ಹಾಗೆ ಮೇಲೊಂದು ಬಡಿದರೆ ಮತ್ತೆ ಶುರು. ಮಗ ಹೇಳುವ ಹೊಸದು ಡಾಲ್ಬಿ ಅಟ್ಮಾಸ್. ಸಿನೆಮಾ ಟಾಕೀಸುಗಳಿಗೆ 2012ರಲ್ಲಿ, ಮನೆಗಳಿಗೆ 2014ರಲ್ಲಿ ಬಂದದ್ದು. ಅದರಲ್ಲಿ ತಲೆಯ ಮೇಲಿನಿಂದಲೂ ದನಿ ಬರುತ್ತದೆ. ಪರದೆಯ ಮೇಲೆ ಮಳೆ ಬಂದರೆ ಮಳೆ ಮೇಲಿನಿಂದಲೇ ಸುರಿಯುತ್ತದೆ. ಎಲ್ಲ ಸೇರಿ 1,40,000 ರೂಪಾಯಿಯ ಲೆಕ್ಕವನ್ನು ಅವನು ತಂದಿದ್ದ.

ನೀವು ಊರಿನಲ್ಲಿರುವವರು ನಗಬಹುದು, ಆದರೂ ಹೇಳುತ್ತೇನೆ. 2007ರಲ್ಲಿ ನಾನು ಆ ಸೆಟ್ಟು ಕೊಂಡದ್ದು ಸಿನೆಮಾಕ್ಕಾಗಿ ಅಲ್ಲ. ಗದಗಿನ ನಮ್ಮ ಓಣಿಯ ಮನೆಯಲ್ಲಿ ಯಂತ್ರವಿಲ್ಲದೆಯೇ ಸುತ್ತ ದನಿ ಇರುತ್ತಿತ್ತು. ಒಳಗೆ ಅವ್ವ ರೊಟ್ಟಿ ಬಡಿಯುವ ಸಪ್ಪಳ, ಹಿತ್ತಲಿನಲ್ಲಿ ಎಮ್ಮೆ, ಬಾಗಿಲಲ್ಲಿ ಯಾರೋ "ಅದಾರೇನ್ರಿ ಮನ್ಯಾಗ" ಅನ್ನುವುದು, ಬೀದಿಯ ತುದಿಯ ಚಹಾದಂಗಡಿಯಲ್ಲಿ ಧಾರವಾಡ ಆಕಾಶವಾಣಿ. ಪುಣೆಯ ಮನೆಯಲ್ಲಿ ಸಂಜೆ ಬೀಗ ತೆಗೆದು ಒಳಗೆ ಕಾಲಿಟ್ಟರೆ ಫ್ರಿಜ್ಜಿನ ಗುಂಯ್‌ಗುಡುವಿಕೆ ಬಿಟ್ಟು ಮತ್ತೇನಿರಲಿಲ್ಲ. ಹೊರಗೆ ಎಲ್ಲ ಮರಾಠಿ, ಆಫೀಸಿನಲ್ಲಿ ಹಿಂದಿ, ಇಂಗ್ಲಿಷು. ನಾಲ್ಕು ಗೋಡೆಗಳ ಒಳಗಾದರೂ ನಮ್ಮ ದನಿ ನಮ್ಮನ್ನು ಸುತ್ತಿಕೊಂಡಿರಲಿ ಅನ್ನಿಸಿತು. ಅದಕ್ಕೇ ಆರು ಪೆಟ್ಟಿಗೆ ಕೊಂಡೆ. ಆಸೆ ತಪ್ಪೆಂದು ನನಗೆ ಈಗಲೂ ಅನ್ನಿಸುವುದಿಲ್ಲ.

ಆದ್ದರಿಂದ ಮಗನ ಮಾತನ್ನು ತೆಗೆದುಹಾಕದೆ ಅವನೊಂದಿಗೆ ಬುಧವಾರ ಪೇಠೆಯ ತಪಕೀರ ಗಲ್ಲಿಗೆ ಹೋದೆ. ವಿದ್ಯುತ್ ಸಾಮಾನಿಗೆ ಪುಣೆಯವರು ಹೋಗುವ ಜಾಗ ಅದು. ಅಂಗಡಿಯವನು ನಮ್ಮನ್ನು ಕೂಡಿಸಿ, ದೀಪ ಆರಿಸಿ, ಒಂದು ಹೆಲಿಕಾಪ್ಟರನ್ನು ನಮ್ಮ ತಲೆಯ ಮೇಲೆ ಮೂರು ಸುತ್ತು ಹಾಯಿಸಿದ. ನಾನು ನಿಜವಾಗಿ ತಲೆ ಎತ್ತಿ ನೋಡಿದೆ. ಮಗ ನಕ್ಕ. ಬಹಳ ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. "ನಿಮ್ಮದು 80 ವ್ಯಾಟು, ಇದು 100" ಅಂದ ಅಂಗಡಿಯವನು. ಮನೆಗೆ ಬಂದು ಲೆಕ್ಕ ಹಾಕಿದೆ. ಶಕ್ತಿಯನ್ನು ಎರಡು ಪಟ್ಟು ಮಾಡಿದರೆ ಏರುವುದು ಮೂರೇ ಡೆಸಿಬೆಲ್. ಕಿವಿಗೆ ಎರಡರಷ್ಟು ಜೋರೆನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ಶಕ್ತಿ ಬೇಕು. 80ರಿಂದ 100ಕ್ಕೆ ಹೋದರೆ ಸಿಗುವುದು ಒಂದು ಡೆಸಿಬೆಲ್ಲು. ಅದನ್ನು ಗುರುತಿಸುವುದೂ ಕಷ್ಟ.

ಇನ್ನೊಂದು ಲೆಕ್ಕ ಇದಕ್ಕಿಂತ ಮುಜುಗರದ್ದು. ನಾನು ದಿನಾ ಕೇಳುವುದು ಏನು? ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್, ನಮ್ಮ ಗದಗಿನ ಭೀಮಸೇನ ಜೋಶಿ. ಅವರ ಹಳೆಯ ಧ್ವನಿಮುದ್ರಣಗಳಲ್ಲಿ ಇರುವುದು ಒಂದೋ ಎರಡೋ ಚಾನೆಲ್. ವರ್ಷಕ್ಕೆ ಎರಡು ಸಲವಾದರೂ ನೋಡುವ ಸಿನೆಮಾ 1966ರ 'ಸಂಧ್ಯಾರಾಗ'. ಭೀಮಸೇನರು ಹಾಡಿದ್ದಾರೆ ಅನ್ನುವ ಕಾರಣಕ್ಕೆ. ಆ ಕಾಲದ ಕಪ್ಪು-ಬಿಳುಪು ಚಿತ್ರದಲ್ಲಿ ಎಲ್ಲ ದನಿಯೂ ಒಂದೇ ದಾರಿಯಿಂದ ಬರುತ್ತದೆ. ಅದಕ್ಕೆ ಛಾವಣಿಯ ತನಕ ಸ್ಪೀಕರು ಕಟ್ಟಿದರೆ ಒಬ್ಬನೇ ಮನುಷ್ಯನನ್ನು ಏಳು ಕನ್ನಡಿಯಲ್ಲಿ ನೋಡಿದ ಹಾಗೆ.

ಭೀಮಸೇನರ ವಿಷಯ ಬಂತೆಂದು ಹೇಳುತ್ತೇನೆ. ಹುಡುಗನಾಗಿದ್ದಾಗ ಅವರು ಅಂಗಡಿಯೊಂದರಲ್ಲಿ ಅಬ್ದುಲ್ ಕರೀಂ ಖಾನರ ಠುಮ್ರಿಯ ರಿಕಾರ್ಡು ಕೇಳಿ, ಹಾಗೆ ಹಾಡಲೇಬೇಕೆಂದು 1933ರಲ್ಲಿ ಮನೆ ಬಿಟ್ಟು ಓಡಿಹೋದ ಕಥೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಆಗ ಹನ್ನೊಂದರ ವಯಸ್ಸು. ಆ ತಿರುಗುವ ತಟ್ಟೆಯಲ್ಲಿ ಒಂದು ಮಗ್ಗುಲಿಗೆ ಇದ್ದದ್ದು ಸುಮಾರು ಮೂರು ನಿಮಿಷದ ಹಾಡು, ಜೊತೆಗೆ ಒಂದಷ್ಟು ಕರಕರ. ಒಬ್ಬ ಹುಡುಗ ಮನೆ ಬಿಡುವುದಕ್ಕೆ ಅಷ್ಟು ದನಿ ಸಾಕಾಯಿತು. ಹಾಗಂತ ಒಳ್ಳೆಯ ಯಂತ್ರ ವ್ಯರ್ಥ ಅಂತ ನಾನು ವಾದಿಸಲಾರೆ. ಆ ರಿಕಾರ್ಡು ಸಾಕೆಂದಿದ್ದರೆ ಅವರು ಗದಗಿನಲ್ಲೇ ಕೂತು ಅದನ್ನೇ ಕೇಳುತ್ತಿದ್ದರು. ಇನ್ನೂ ಹತ್ತಿರದಿಂದ ಕೇಳಬೇಕು ಅನ್ನಿಸಿದ್ದರಿಂದಲೇ ಹೊರಟರು. ಮನಸೂರರು ತಾನ ಮುಗಿಸಿ ಉಸಿರು ಎಳೆದುಕೊಳ್ಳುವುದು ಒಳ್ಳೆಯ ಸ್ಪೀಕರಿನಲ್ಲಿ ಕೇಳುತ್ತದೆ, ಕೆಟ್ಟದ್ದರಲ್ಲಿ ಕೇಳುವುದಿಲ್ಲ. ಆ ಉಸಿರಿಗೆ ರೊಕ್ಕ ಕೊಡುವುದು ಪಾಪವಲ್ಲ.

ಹಾಗಾದರೆ ನನ್ನ ಹೆಂಡತಿಯ ವಾದ? "ಅತ್ತಿಗೆ ಕಿವಿ ಕೇಳಸೂದಿಲ್ಲ, ನಿಮಗ ಮಾಳಿಗಿ ಮ್ಯಾಲಿಂದ ಮಳಿ ಕೇಳಬೇಕೇನು?" ಅಂದಳು ಒಂದು ದಿನ. ಈ ಮಾತಿಗೆ ಉತ್ತರವಿಲ್ಲ ಅನ್ನಿಸುತ್ತದೆ, ಆದರೆ ಇದೆ. ಅವ್ವಗೆ ಎಂಬತ್ನಾಲ್ಕು. ಎರಡು ವರ್ಷದ ಹಿಂದೆಯೇ ಹುಬ್ಬಳ್ಳಿಯಲ್ಲಿ ಪರೀಕ್ಷೆ ಮಾಡಿಸಿ ಶ್ರವಣಯಂತ್ರ ಕೊಡಿಸಿದ್ದೇವೆ. ಅದು ಡಬ್ಬಿಯೊಳಗೆ, ಡಬ್ಬಿ ಟ್ರಂಕಿನೊಳಗೆ. "ಕಿವ್ಯಾಗ ಸಂತಿ ನೆರದಂಗ ಆಗ್ತದಪಾ" ಅನ್ನುತ್ತಾಳೆ. ಅಂದರೆ ರೊಕ್ಕ ಅಲ್ಲಿ ಅಡ್ಡ ಬಂದಿರಲಿಲ್ಲ. ಸ್ಪೀಕರು ಕೊಳ್ಳದೆ ಉಳಿಸಿದ 1,40,000ದಿಂದ ಅವ್ವನ ಕಿವಿ ಸರಿಹೋಗುವುದಿಲ್ಲ. ಇಂಥ ತೂಕ ಹಾಕುತ್ತ ಹೋದರೆ ಜಗತ್ತಿನಲ್ಲಿ ಯಾರಿಗೋ ಇಲ್ಲ ಅನ್ನುವ ಕಾರಣಕ್ಕೆ ನಾವು ಒಂದು ಪುಸ್ತಕ ಕೂಡ ಕೊಳ್ಳುವಂತಿಲ್ಲ. ಹಾಗೆ ಬದುಕುವ ದೊಡ್ಡವರಿದ್ದಾರೆ. ನಾನು ಅವರಲ್ಲಿ ಒಬ್ಬನಲ್ಲ.

ಇಲ್ಲಿಯವರೆಗೆ ನನ್ನ ವಿಚಾರ ಹೊಸದನ್ನು ತರುವ ಕಡೆಗೇ ವಾಲಿತ್ತು. ಅದನ್ನು ಕೆಡಿಸಿದವರು ಪಕ್ಕದ ಮನೆಯ ವೈನಿ.

ಕಾರ್ತಿಕದಲ್ಲಿ ಅವ್ವನನ್ನು ಪುಣೆಗೆ ಕರೆತಂದೆವು. ಅವಳಿಗಾಗಿ ಟಿವಿಯ ದನಿ ಜೋರು ಇಡಬೇಕಾಗುತ್ತಿತ್ತು. ನೆರೆಯವರಿಗೆ ಹೇಳಿಬಿಡೋಣವೆಂದು ವೈನಿಯ ಮನೆಗೆ ಹೋದೆ. ಇಪ್ಪತ್ತೆರಡು ವರ್ಷದಿಂದ ಗೋಡೆಗೆ ಗೋಡೆ ಹಚ್ಚಿ ಇದ್ದೇವೆ. ನಾನು ಅವರಿಗೆ ಭಾವೋಜಿ. "ತಾಯಿಗೆ ಕಿವಿ ಮಂದ, ತೊಂದರೆ ಆದರೆ ಹೇಳಿ" ಅಂದೆ ನನ್ನ ಮರಾಠಿಯಲ್ಲಿ. ಅವರು, "ಇದೆಂಥ ತೊಂದರೆ ಭಾವೋಜಿ, ಇವರು ಮಲಗಿದ್ದಾಗಿನ..." ಅಂದವರು ಅರ್ಧಕ್ಕೇ ನಿಲ್ಲಿಸಿ ಚಹಾ ಮಾಡಲು ಎದ್ದರು. ನಾನು ಬಿಡದೆ ಕೇಳಿದ ಮೇಲೆ ಹೇಳಿದರು. ಏಳು ವರ್ಷದ ಹಿಂದೆ ಅವರ ಯಜಮಾನರು ಹಾಸಿಗೆ ಹಿಡಿದಿದ್ದ ಐದು ತಿಂಗಳು ಅವರ ಮಂಚ ನಮ್ಮ ಹಾಲಿನ ಗೋಡೆಗೆ ಆತುಕೊಂಡಿತ್ತು. ಶನಿವಾರ ರಾತ್ರಿ ನಮ್ಮ ಸಿನೆಮಾ. ನಮ್ಮ ಮೂಲೆಯ ಪೆಟ್ಟಿಗೆ ಗುಡುಗಿದಾಗೆಲ್ಲ ಅವರು ಎದೆ ಹಿಡಿದುಕೊಂಡು ಕಣ್ಣು ಬಿಡುತ್ತಿದ್ದರಂತೆ. ಕಡೆಗೆ ವೈನಿ ಒಬ್ಬರೇ ಮಂಚ ಎಳೆದು ಅಡಿಗೆಮನೆಯ ಬಾಗಿಲ ಹತ್ತಿರ ಹಾಕಿದರಂತೆ. ಯಜಮಾನರು ಹೋದದ್ದು ಅಲ್ಲೇ.

"ಆಗಲೇ ಯಾಕೆ ಹೇಳಲಿಲ್ಲ?" ಅಂದೆ. ಅವರು ಹೇಳಿದ್ದನ್ನು ಕನ್ನಡದಲ್ಲಿ ಹೇಳುವುದಾದರೆ: ನೀವು ಊರು ಬಿಟ್ಟು ಬಂದವರು, ವಾರಕ್ಕೊಮ್ಮೆ ನಿಮ್ಮ ಭಾಷೆಯಲ್ಲಿ ಏನೋ ನೋಡುತ್ತೀರಿ, ಅದನ್ನೂ ಬೇಡ ಅನ್ನುವುದು ಹೇಗೆ?

ಆ ಐದು ತಿಂಗಳಲ್ಲಿ ನಾನು ಅವರ ಮನೆಗೆ ಹತ್ತಾದರೂ ಸಲ ಹೋಗಿದ್ದೆ. ಹಣ್ಣು ಕೊಟ್ಟಿದ್ದೆ, ಔಷಧಿ ತಂದುಕೊಟ್ಟಿದ್ದೆ. ಮಂಚದ ಜಾಗ ಬದಲಾದದ್ದನ್ನು ನೋಡಿಯೂ ಇದ್ದೆ. ಗಾಳಿಗೆ ಹಾಕಿರಬೇಕು ಅಂದುಕೊಂಡೆ. ಅವರು ಸುಮ್ಮನಿದ್ದದ್ದನ್ನು ತೊಂದರೆ ಇಲ್ಲವೆಂದು ತಿಳಿದೆ. ಪರಊರಿನಲ್ಲಿರುವವರಿಗೆ ಒಂದು ಅಭ್ಯಾಸವಿದೆ. ನಾವೇ ಇಲ್ಲಿ ಹೊರಗಿನವರು, ತಾಳಿಕೊಳ್ಳುತ್ತಿರುವವರು ನಾವೇ ಅಂತ ನಂಬಿಕೊಂಡಿರುತ್ತೇವೆ. ನಮ್ಮನ್ನು ಯಾರೋ ತಾಳಿಕೊಳ್ಳುತ್ತಿದ್ದಾರೆ ಅನ್ನುವುದು ಹೊಳೆಯುವುದೇ ಇಲ್ಲ.

ಸೋಫಾ ತಂದರೆ ಅದು ನಮ್ಮ ಮನೆಯಲ್ಲೇ ಕೂಡುತ್ತದೆ. ಕಾರು ನಮ್ಮ ಜಾಗದಲ್ಲಿ ನಿಲ್ಲುತ್ತದೆ. ದನಿ ಹಾಗಲ್ಲ. ಸೆಕೆಂಡಿಗೆ ನಲವತ್ತು ಸಲ ಕಂಪಿಸುವ ತಗ್ಗು ದನಿಯ ಒಂದು ಅಲೆಯ ಉದ್ದ ಸುಮಾರು ಎಂಟೂವರೆ ಮೀಟರು. ನಮ್ಮ ಹಾಲಿನ ಉದ್ದ ಐದು ಮೀಟರೂ ಇಲ್ಲ. ಅಂಥ ಅಲೆಗೆ ಇಟ್ಟಿಗೆಯ ಒಂದು ತೆಳು ಗೋಡೆ ಯಾವ ಲೆಕ್ಕ? ವಸತಿ ಪ್ರದೇಶದಲ್ಲಿ ಹಗಲಿಗೆ 55, ರಾತ್ರಿ 45 ಡೆಸಿಬೆಲ್ಲಿನ ಮಿತಿ ಇರಲಿ ಎಂದು 2000ದ ಶಬ್ದಮಾಲಿನ್ಯ ನಿಯಮಗಳಲ್ಲಿದೆ. ಗುರು ಸವಾಯಿ ಗಂಧರ್ವರ ನೆನಪಿಗೆ ಭೀಮಸೇನರು ಬೆಳೆಸಿದ ಪುಣೆಯ ಸಂಗೀತೋತ್ಸವ 1953ರಿಂದ ನಡೆದುಬಂದದ್ದು. ಒಂದು ಕಾಲಕ್ಕೆ ಅಲ್ಲಿ ಬೆಳಗಿನವರೆಗೆ ಹಾಡುತ್ತಿದ್ದರು. ನಾನೇ ಶಾಲು ಹೊದ್ದುಕೊಂಡು ಕೂತಿದ್ದೇನೆ. ರಾತ್ರಿಯ ಧ್ವನಿವರ್ಧಕದ ನಿಯಮ ಬಿಗಿಯಾದ ಮೇಲೆ ಅದು ನಿಂತಿತು. ಆಗ ನಾನು ನಿಯಮವನ್ನು ಬೈದವರಲ್ಲಿ ಒಬ್ಬ. ಆ ಮೈದಾನದ ಪಕ್ಕದಲ್ಲೂ ಯಾರದಾದರೂ ಮಂಚ ಇದ್ದೀತೆಂದು ಆಗ ನನಗೆ ತೋಚಿರಲಿಲ್ಲ.

ಈ ಕಡೆ ಅವ್ವನದು ಇನ್ನೊಂದು ಬಗೆ. ಒಂದು ರಾತ್ರಿ ನಾವೆಲ್ಲ ಕೂತು 'ಸಂಧ್ಯಾರಾಗ' ಹಾಕಿದೆವು. "ಅವ್ವಾ, ಕೇಳಸ್ತದೇನು?" ಅಂದೆ. "ಹೂಂ, ಎಲ್ಲಾ ಕೇಳಸ್ತದಪಾ" ಅಂದಳು. ಅರ್ಧ ಸಿನೆಮಾ ಮುಗಿದ ಮೇಲೆ ಮಗ ನನ್ನ ತೋಳು ಮುಟ್ಟಿ, "ಅಜ್ಜಿ ಟಿವಿ ನೋಡವಲ್ಲಳು, ನಿಮ್ಮ ಮಾರಿ ನೋಡಾಕತ್ತಾಳ" ಅಂದ. ನಿಜ. ನಾವು ನಕ್ಕಾಗ ನಗುತ್ತಿದ್ದಳು, ನಾವು ಸುಮ್ಮನಾದಾಗ ಸುಮ್ಮನಾಗುತ್ತಿದ್ದಳು. ಅವಳಿಗೆ ಒಂದು ಮಾತೂ ಕೇಳುತ್ತಿರಲಿಲ್ಲ.

ಮಗ ಎದ್ದ. 5.1ರಲ್ಲಿ ಮಾತು ಹೆಚ್ಚಾಗಿ ಬರುವುದು ನಡುವಿನ ಸ್ಪೀಕರಿನಿಂದ. ಅವನು ಬೇರೆ ಎಲ್ಲವನ್ನೂ ತಗ್ಗಿಸಿ, ಆ ಒಂದರ ದನಿ ಏರಿಸಿ, ಮೂಲೆಯ ಪೆಟ್ಟಿಗೆ ಬಂದ್ ಮಾಡಿದ. ಅಜ್ಜಿಯ ಕುರ್ಚಿಯನ್ನು ಆ ಸ್ಪೀಕರಿನಿಂದ ಮೂರು ಅಡಿಗೆ ಎಳೆದ. ಟ್ರಂಕಿನಿಂದ ಡಬ್ಬಿ ತೆಗೆದು, ಯಂತ್ರವನ್ನು ಕಿವಿಗೆ ತಾನೇ ಇಟ್ಟ. ಸುತ್ತಲಿನ ಗದ್ದಲ ಇಳಿದಿದ್ದರಿಂದಲೋ ಏನೋ, ಈ ಸಲ ಸಂತೆ ನೆರೆಯಲಿಲ್ಲ. ಸ್ವಲ್ಪ ಹೊತ್ತಿಗೆ ಅವ್ವ ಯಾವುದೋ ಮಾತಿಗೆ ನಮಗಿಂತ ಮೊದಲು ನಕ್ಕಳು. ಆ ಸಂಜೆ ಆ ಹಳೆಯ ಸೆಟ್ಟು ಅದರ ಜೀವಮಾನದಲ್ಲೇ ಅತಿ ಕಡಿಮೆ ಕೆಲಸ ಮಾಡಿತು.

ಕನ್ನಡದಲ್ಲಿ 'ಕೇಳು' ಅನ್ನುವ ಒಂದೇ ಮಾತಿಗೆ ಎರಡು ಅರ್ಥ. ಕಿವಿಯಿಂದ ಕೇಳುವುದೂ ಕೇಳುವುದೇ, ಬಾಯಿಂದ ಕೇಳುವುದೂ ಕೇಳುವುದೇ. ನಾನು ಹದಿನೆಂಟು ವರ್ಷ ಮೊದಲನೆಯದಕ್ಕೆ ರೊಕ್ಕ ಹಾಕಿದೆ, ಎರಡನೆಯದನ್ನು ಮಾಡಲೇ ಇಲ್ಲ. ಮಾಡಿದರೂ ಒಂದೇ ಸಲ ಕೇಳಿ, "ಕೇಳಸ್ತದ" ಅಂದರೆ, "ತೊಂದರೆ ಇಲ್ಲ" ಅಂದರೆ, ಅಲ್ಲಿಗೇ ಬಿಟ್ಟೆ. ಒಳ್ಳೆಯ ಜನ ಮೊದಲ ಸಲಕ್ಕೆ ನಿಜ ಹೇಳುವುದಿಲ್ಲ. ಹೊಸ ಸೆಟ್ಟು ಬೇಕೋ ಬೇಡವೋ ಎಂಬ ಪ್ರಶ್ನೆಯನ್ನು ನಾನು ವ್ಯಾಟಿನಲ್ಲಿ ತೂಗಿದೆ, ರೂಪಾಯಿಯಲ್ಲಿ ತೂಗಿದೆ. ಆ ದನಿಯನ್ನು ಯಾರು ಕೇಳುತ್ತಾರೆ, ಯಾರು ಕೇಳಲಾರರು, ಯಾರು ಬೇಡವಾದರೂ ಕೇಳಬೇಕಾಗುತ್ತದೆ ಅನ್ನುವುದು ಮೊದಲು ಬರಬೇಕಿತ್ತು.

ಕಡೆಗೆ ಹೊಸದು ತರಲಿಲ್ಲ. ತಪಕೀರ ಗಲ್ಲಿಯಲ್ಲೇ ಒಬ್ಬ ರಿಪೇರಿಯವನು ಹಳೆಯದನ್ನು ಬಿಚ್ಚಿ, ಒಳಗೆ ರಿಲೇಯ ತುದಿಗಳಿಗೆ ಕಿಲುಬು ಹಿಡಿದಿದೆ ಅಂದು 900 ರೂಪಾಯಿಗೆ ಹೊಸ ರಿಲೇ ಹಾಕಿಕೊಟ್ಟ. ಬಲಗಡೆಯ ಸ್ಪೀಕರು ಈಗ ಬಡಿಸಿಕೊಳ್ಳದೆ ಹಾಡುತ್ತದೆ. ನೆಲಕ್ಕೊಂದು ದಪ್ಪ ಜಮಖಾನೆ ಹಾಸಿದೆವು. ಗುಡುಗಿನ ಪೆಟ್ಟಿಗೆಯನ್ನು ಆ ಗೋಡೆಯಿಂದ ಸರಿಸಿ ರಬ್ಬರಿನ ಮೇಲೆ ಇಟ್ಟೆವು. ಮಗನಿಗೆ ಸ್ವಲ್ಪ ಬೇಸರವಿದೆ, ಗೊತ್ತು. ನಾಳೆ ಅವನ ಮನೆಯಲ್ಲಿ ಅವನು ಮಳೆ ಸುರಿಸಿಕೊಳ್ಳಲಿ, ನಾನು ಹೋಗಿ ಕೂತು ಕೇಳುತ್ತೇನೆ.

ಸಂಕ್ರಾಂತಿಗೆ ವೈನಿ ತಿಳಗೂಳ ತಂದರು. ಅವ್ವ ಕನ್ನಡದಲ್ಲಿ, ಅವರು ಮರಾಠಿಯಲ್ಲಿ ಒಂದು ತಾಸು ಮಾತಾಡಿದರು. ಹೊರಡುವಾಗ ನಾನು, "ಈಗ ನಮ್ಮ ಸದ್ದು ಕೇಳುತ್ತದೆಯೇ?" ಅಂದೆ. "ಛೇ, ಏನೂ ಇಲ್ಲ ಭಾವೋಜಿ" ಅಂದರು. "ನಿಜ ಹೇಳಿ ವೈನಿ" ಅಂದೆ. ಬಾಗಿಲಲ್ಲಿ ನಿಂತು ಒಂದು ಕ್ಷಣ ಯೋಚಿಸಿದರು.

"ರಾತ್ರಿ ಹತ್ತರ ಮೇಲೆ ಸ್ವಲ್ಪ" ಅಂದರು.