ಇಟ್ಟಿಗೆಗಿಂತ ಗಾರೆ ಮೆತ್ತಗಿರಬೇಕು

ಗಟ್ಟಿ ಅಂದ್ರೆ ಒಳ್ಳೇದು, ಮೆತ್ತಗೆ ಅಂದ್ರೆ ಕೆಟ್ಟದ್ದು ಅಂತ ನಾವೆಲ್ಲ ಪ್ರಶ್ನೆಯೇ ಇಲ್ಲದೆ ನಂಬಿಕೊಂಡು ಬಂದಿದ್ದೇವೆ. ಸಿಮೆಂಟ್ ಜಾಹೀರಾತು ನೋಡಿ, ಜಿಮ್ ಜಾಹೀರಾತು ನೋಡಿ, ಅಪ್ರೈಸಲ್ ಮೀಟಿಂಗಿನಲ್ಲಿ ಮ್ಯಾನೇಜರ್ ಆಡುವ ಮಾತು ಕೇಳಿ. ಎಲ್ಲರೂ ಮಾರುವುದು ಗಟ್ಟಿತನವನ್ನೇ. ಈ ನಂಬಿಕೆಯ ಮೇಲೆ ನನಗೆ ಅನುಮಾನ ಹುಟ್ಟಿಸಿದ್ದು ಇಂಗ್ಲೆಂಡಿನ ಹಳೇ ಫಾರ್ಮ್‌ಹೌಸುಗಳ ಇಟ್ಟಿಗೆ ಗೋಡೆ.

ನಮ್ಮಲ್ಲಿ ಫಾರ್ಮ್‌ಹೌಸ್ ಅಂದ್ರೆ ವೀಕೆಂಡ್ ಪಾರ್ಟಿ, ಸ್ವಿಮ್ಮಿಂಗ್ ಪೂಲ್. ಅಲ್ಲಿ ಅದು ಬೇಸಾಯಗಾರನ ಮನೆ. ಪ್ರಾಜೆಕ್ಟ್ ಮೇಲೆ ಕೆಲವು ತಿಂಗಳು ಅಲ್ಲಿದ್ದಾಗ ಕೆಂಟ್, ಸಸೆಕ್ಸ್ ಕಡೆಯ ಹಳ್ಳಿಗಳನ್ನು ಸುತ್ತಿದ್ದೆ. ಅಲ್ಲಿನ ವೀಲ್ಡ್ ಎಂಬ ಪ್ರದೇಶ ಜೇಡಿಮಣ್ಣು ಮತ್ತು ಓಕ್ ಮರಗಳ ನಾಡು. ಹಿಂದೆ ಹತ್ತಿರದ ಮಣ್ಣನ್ನೇ ಅಗೆದು, ಅಚ್ಚಿಗೆ ಹಾಕಿ, ಸೌದೆ ಒಟ್ಟಿ ಸುಡುತ್ತಿದ್ದರು. ಊರ ಹೊರಗಿನ ಇಟ್ಟಿಗೆ ಗೂಡು ನೋಡಿ ಬೆಳೆದವರಿಗೆ ಇದು ಹೊಸದೇನಲ್ಲ. ಬೆಂಕಿಗೆ ಹತ್ತಿರವಿದ್ದ ಇಟ್ಟಿಗೆಯ ತುದಿ ನೀಲಿಗಪ್ಪಾಗಿ ಹೊಳೆಯುತ್ತಿತ್ತು, ಉಳಿದದ್ದು ಕೆಂಪು. ಆ ಸುಟ್ಟ ತುದಿಗಳನ್ನೂ ಅವರು ಬಿಸಾಡಲಿಲ್ಲ. 'ಫ್ಲೆಮಿಶ್ ಬಾಂಡ್' ಎಂಬ ಜೋಡಣೆಯಲ್ಲಿ ಪ್ರತಿ ಸಾಲಿನಲ್ಲೂ ಒಂದು ಇಟ್ಟಿಗೆ ಉದ್ದಕ್ಕೆ, ಪಕ್ಕದ್ದು ಅಡ್ಡಕ್ಕೆ. ಅಡ್ಡ ಇಟ್ಟಿಗೆಯ ತಲೆ ಮಾತ್ರ ಹೊರಗೆ ಕಾಣುತ್ತದೆ, ಮೈ ಒಳಗೆ ಹೋಗಿ ಗೋಡೆಯ ಹಿಂಭಾಗವನ್ನು ಹಿಡಿದುಕೊಳ್ಳುತ್ತದೆ. ಆ ತಲೆಗಳಿಗೆ ನೀಲಿಗಪ್ಪು ಇಟ್ಟಿಗೆಗಳನ್ನು ಆರಿಸಿ, ಇಡೀ ಗೋಡೆಯನ್ನು ಚದುರಂಗದ ಮಣೆಯಂತೆ ಮಾಡಿದ್ದಾರೆ.

ನಿಜವಾದ ಪಾಠ ಇರುವುದು ಸಂದುಗಳಲ್ಲಿ. ಆ ಇಟ್ಟಿಗೆಗಳು ಮೃದು, ಮಳೆ ಬಂದರೆ ನೀರು ಕುಡಿಯುತ್ತವೆ. ನಡುವೆ ಇರುವ ಸುಣ್ಣದ ಗಾರೆ ಇನ್ನೂ ಮೆತ್ತಗೆ. ಇಟ್ಟಿಗೆ ಕುಡಿದ ನೀರು ಗಾರೆಯ ಮೂಲಕ ಆವಿಯಾಗಿ ಹೊರಗೆ ಹೋಗುತ್ತದೆ. ನೀರಿನ ಜೊತೆ ಬಂದ ಉಪ್ಪು ಗಾರೆಯಲ್ಲೇ ಕೂರುತ್ತದೆ. ಎಷ್ಟೋ ವರ್ಷಗಳಾದ ಮೇಲೆ ಗಾರೆ ಪುಡಿಯಾಗಿ ಉದುರುತ್ತದೆ. ಕೆರೆದು ಹೊಸ ಗಾರೆ ತುಂಬಿದರೆ ಮುಗಿಯಿತು, ಇಟ್ಟಿಗೆಗೆ ಏನೂ ಆಗಿರುವುದಿಲ್ಲ.

ಜೋಸೆಫ್ ಆಸ್ಪ್‌ಡಿನ್ 1824ರಲ್ಲಿ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಪಡೆದ. ಮುಂದೆ 20ನೇ ಶತಮಾನದಲ್ಲಿ ಸಿಮೆಂಟ್ ಎಲ್ಲ ಕಡೆ ಹರಡಿದಾಗ, ಹಳೇ ಮನೆಯ ಸಂದುಗಳಿಗೂ ಅದನ್ನೇ ತುಂಬಿದರು. ಉದ್ದೇಶ ಒಳ್ಳೆಯದೇ: ಪದೇ ಪದೇ ರಿಪೇರಿ ಯಾಕೆ, ಒಂದೇ ಸಲ ಗಟ್ಟಿ ಮಾಡಿಬಿಡೋಣ. ಆದರೆ ಗಟ್ಟಿ ಸಂದಿನಿಂದ ನೀರು ಹೊರಗೆ ಬರಲಿಲ್ಲ, ಇಟ್ಟಿಗೆಯಲ್ಲೇ ನಿಂತಿತು. ಚಳಿಗಾಲದಲ್ಲಿ ಹೆಪ್ಪುಗಟ್ಟಿ ಹಿಗ್ಗಿತು. ಇಟ್ಟಿಗೆಯ ಮುಖ ಚಕ್ಕೆ ಚಕ್ಕೆಯಾಗಿ ಎದ್ದುಬಂತು. ಅಂಥ ಗೋಡೆಗಳಲ್ಲಿ ಸಿಮೆಂಟಿನ ಗೆರೆಗಳು ಹಾಗೇ ನಿಂತಿರುತ್ತವೆ, ನಡುವಿನ ಇಟ್ಟಿಗೆ ಸವೆದು ಒಳಗೆ ಸರಿದಿರುತ್ತದೆ. ರಿಪೇರಿ ಉಳಿಯಿತು, ಮನೆ ಹಾಳಾಯಿತು.

ಇಲ್ಲಿ ಒಂದು ನ್ಯಾಯವಾದ ತಕರಾರಿದೆ. 'ಹಳೇದನ್ನು ಮುಟ್ಟಲೇಬಾರದು ಅಂತೀರಾ?' ಈ ಮನೆಗಳ ಚರಿತ್ರೆ ನೋಡಿದರೆ ಹಾಗೆ ಹೇಳೋಕಾಗಲ್ಲ. ಅವುಗಳಲ್ಲಿ ಎಷ್ಟೋ ಮನೆಗಳು ಮೊದಲು ಇಟ್ಟಿಗೆಯವೇ ಅಲ್ಲ. ಓಕ್ ತೊಲೆಗಳ ಚೌಕಟ್ಟು, ಒಂದೇ ಎತ್ತರದ ಹಜಾರ, ನಡುವೆ ನೆಲದ ಮೇಲೆ ಬೆಂಕಿ, ಸೂರಿನಲ್ಲೆಲ್ಲ ಹೊಗೆ. 16, 17ನೇ ಶತಮಾನಗಳಲ್ಲಿ ಇಟ್ಟಿಗೆ ಚಿಮಣಿ ಬಂತು, ಹೊಗೆ ಹೋಯಿತು, ಹಜಾರದ ನಡುವೆ ಮಹಡಿ ಹಾಕಿದರು. 18ನೇ ಶತಮಾನದಲ್ಲಿ ಇಟ್ಟಿಗೆ ಮುಖವೇ ಫ್ಯಾಷನ್. ಮರದ ಮನೆಯ ಮುಂದೆ ಇಟ್ಟಿಗೆ ಗೋಡೆ ಎಬ್ಬಿಸಿದರು. ಮುಂದಿನಿಂದ ಜಾರ್ಜಿಯನ್ ಗತ್ತು, ಹಿಂದೆ ಹೋದರೆ ಅದೇ ಹಳೇ ತೊಲೆ. ಹಾಗಾದರೆ ಉಳಿಸಬೇಕಾದ 'ಅಸಲಿ' ಮನೆ ಯಾವುದು?

ವಿಲಿಯಂ ಮಾರಿಸ್ ಮತ್ತು ಫಿಲಿಪ್ ವೆಬ್ 1877ರಲ್ಲಿ ಹಳೇ ಕಟ್ಟಡಗಳ ರಕ್ಷಣೆಗೆ ಒಂದು ಸಂಘ ಕಟ್ಟಿದರು. ಅವರ ಉತ್ತರ: ಎಲ್ಲ ಪದರಗಳೂ ಅಸಲಿಯೇ. ಮೂಲಕ್ಕೆ ಮರಳಿಸುತ್ತೇವೆ ಅಂತ ನಡುವಿನ ಶತಮಾನಗಳನ್ನು ಕೆರೆದು ಹಾಕಬೇಡಿ. ಹೊಸ ತೇಪೆ ಹಾಕಿದರೆ ಅದು ತೇಪೆ ಅಂತಲೇ ಕಾಣಲಿ. 1947ರ ಯೋಜನಾ ಕಾಯ್ದೆಯ ನಂತರ ಇಂಥ ಕಟ್ಟಡಗಳ ಪಟ್ಟಿಯೇ ಆಯಿತು. ಈಗ ಪಟ್ಟಿಯಲ್ಲಿರುವ ಮನೆಯ ಸ್ವರೂಪ ಬದಲಿಸುವ ಕೆಲಸವನ್ನು ಅನುಮತಿಯಿಲ್ಲದೆ ಮಾಡುವುದು ಅಪರಾಧ. ಸತ್ತವರ ಅಭಿರುಚಿಗೆ ಬದುಕಿರುವವರು ಯಾಕೆ ದುಡ್ಡು ಸುರಿಯಬೇಕು ಅಂತ ಅಲ್ಲಿನ ಯಜಮಾನ ಗೊಣಗಿದರೆ, ಅವನದ್ದೂ ಸುಳ್ಳಲ್ಲ.

ನನಗೆ ಅನ್ಸೋದು ಇಷ್ಟು. ಬದಲಾಯಿಸಬಹುದೇ ಬೇಡವೇ ಅನ್ನುವುದಕ್ಕಿಂತ, ನಾನು ಮಾಡಿದ್ದನ್ನು ಮುಂದಿನವರು ಬಿಚ್ಚಬಹುದೇ ಅಂತ ಕೇಳಿಕೊಳ್ಳಬೇಕು. ಸುಣ್ಣದ ಗಾರೆಯಲ್ಲಿ ಕಟ್ಟಿದ ಇಟ್ಟಿಗೆಯನ್ನು ಬಿಡಿಸಿ, ಉಜ್ಜಿ, ಮತ್ತೆ ಬಳಸಬಹುದು. ಮೆತ್ತಗಿನ ಇಟ್ಟಿಗೆಗೆ ಹಿಡಿದ ಸಿಮೆಂಟ್ ಕೀಳಲು ಹೋದರೆ ಇಟ್ಟಿಗೆಯ ಅಂಚೂ ಕಿತ್ತುಬರುತ್ತದೆ. ಚಿಮಣಿ ಕಟ್ಟಿದವನೂ, ಇಟ್ಟಿಗೆ ಮುಖ ಹಚ್ಚಿದವನೂ ಅಲ್ಲಲ್ಲಿ ತೊಲೆ ಕೊಯ್ದಿದ್ದಾರೆ, ಅವರೇನು ಮಹಾತ್ಮರಲ್ಲ. ಆದರೆ ಒಳಗಿನ ಚೌಕಟ್ಟನ್ನು ಬಿಟ್ಟುಹೋದರು. ಅದಕ್ಕೇ ಮುಂದಿನವರಿಗೆ ಆಯ್ಕೆ ಉಳಿಯಿತು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ರೋಲ್‌ಬ್ಯಾಕ್ ಪ್ಲಾನ್ ಇಲ್ಲದ ಡಿಪ್ಲಾಯ್‌ಮೆಂಟನ್ನು ಯಾವ ಟೀಮೂ ಒಪ್ಪಲ್ಲ. ಮನೆ, ಊರು, ಸಂಬಂಧಗಳ ವಿಷಯದಲ್ಲಿ ಮಾತ್ರ ಎಲ್ಲ ಒಪ್ಪಿಬಿಡುತ್ತೇವೆ.

ಇದು ನಮ್ಮಂಥವರಿಗೇ ಹೆಚ್ಚು ತಟ್ಟುವ ಮಾತು. ಬೆಂಗಳೂರಿನಲ್ಲಿ ಸಂಬಳ ಬರುತ್ತೆ, ಊರಲ್ಲಿ ಅಪ್ಪ ಅಮ್ಮನ ಮನೆಯಿದೆ. ಮಣ್ಣಿನ ಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಹೊಡೆಸಿ 'ಗಟ್ಟಿ' ಮಾಡುತ್ತೇವೆ. ಗೋಡೆಯೊಳಗಿನ ತೇವ ಅಲ್ಲೂ ದಾರಿ ಕಾಣದೆ ನಿಲ್ಲುತ್ತದೆ. ಜೊತೆಗೆ ಅಪ್ಪನ ಲೆಕ್ಕಾಚಾರ, ಅಮ್ಮನ ಅಡುಗೆಮನೆ, ತಮ್ಮನ ಬೇಸಾಯ ಎಲ್ಲವನ್ನೂ ಒಂದೇ ರಜೆಯಲ್ಲಿ ಸರಿಮಾಡಲು ಹೊರಡುತ್ತೇವೆ. ದುಡ್ಡು ನಮ್ಮದು, ಹಾಗಾಗಿ ಮನೆಯಲ್ಲಿ ನಾವೇ ಗಟ್ಟಿ. ಪ್ರೀತಿ ಇಲ್ಲ ಅಂತಲ್ಲ. ಸಿಮೆಂಟ್ ತುಂಬಿದವರಿಗೂ ಮನೆಯ ಮೇಲೆ ಪ್ರೀತಿಯೇ ಇತ್ತು.

ಮುಂದಿನ ಸಲ ಊರಿಗೆ ಹೋದಾಗ ಮೇಸ್ತ್ರಿಯನ್ನು ಕರೆಯುವ ಮೊದಲು, ಆ ಗೋಡೆಗೆ ಇಷ್ಟು ವರ್ಷ ಏನು ಬಳಿಯುತ್ತಿದ್ದಿರಿ ಅಂತ ಅಮ್ಮನನ್ನು ಒಮ್ಮೆ ಕೇಳಿ. ಪ್ರತಿ ವರ್ಷ ಬಳಿಯಬೇಕಾಗುತ್ತಿತ್ತು ಅಂತ ಅವರು ಬೇಸರದಿಂದಲೇ ಹೇಳಬಹುದು. ಆ ಗೋಡೆ ಇಷ್ಟು ವರ್ಷ ನಿಂತದ್ದು ಆ ಬಳಿತದಿಂದಲೇ ಇರಬಹುದು.